ಬೆತ್ತಕ್ಕೆ ಮೂಗು ತಾಗಿಸಿದ ಕಡ್ಡಿ

ಬೆಟ್ಟಗಳು ಬೇಸರವಾದಾಗ ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದ ಕಾಲದಲ್ಲಿ ಕಣಗಿಲಪುರವೆಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಕೋಟೆ ಇರಲಿಲ್ಲ. ನಾಯಿಗಳೇ ಕೋಟೆ. ಏಳುನೂರು ನಾಯಿಗಳು ಗಡಿ ಕಾಯುತ್ತಿದ್ದವು. ಅವು ಬೊಗಳಿದರೆ ಕಾಡಿನ ತೋಳಗಳು ಇತ್ತ ಮುಖ ಹಾಕುತ್ತಿರಲಿಲ್ಲ.

ಒಂದು ದಿನ ದಂಡಕೇತುವೆಂಬ ಮಾಯಾವಿ ಕರಿಯ ಬೆತ್ತ ಹಿಡಿದು ಅರಮನೆಗೆ ಬಂದ.

"ಮಹಾರಾಜ, ಒಂದು ನಾಯಿ ಪಳಗಿಸಲು ನಿನ್ನ ಜನ ವರ್ಷಗಟ್ಟಲೆ ಹೆಣಗುತ್ತಾರೆ. ನನಗೆ ಒಂದೇಟು ಸಾಕು," ಎಂದ.

ಏಟು ಬಿದ್ದ ನಾಯಿ ಕೂರೆಂದರೆ ಕೂತಿತು, ಏಳೆಂದರೆ ಎದ್ದಿತು. ರಾಜ ಮಾರರಸ ಬೆರಗಾಗಿ ಏಳುನೂರು ನಾಯಿಗಳನ್ನೂ ಅವನ ಕೈಗೊಪ್ಪಿಸಿದ. ಆದರೆ ಆ ಬೆತ್ತದ ಏಟು ತಿಂದಷ್ಟೂ ನಾಯಿ ಕಲ್ಲಾಗುತ್ತ ಬರುತ್ತಿತ್ತು. ವರ್ಷ ತುಂಬುವುದರೊಳಗೆ ಏಳುನೂರು ಕಲ್ಲುನಾಯಿಗಳು ಅರಮನೆಯ ಅಂಗಳದಲ್ಲಿ ಸಾಲಾಗಿ ನಿಂತವು. ತೋಳಗಳು ಗಡಿಗೆ ಬಂದು ಕೂತವು.

ಆಗ ದಂಡಕೇತು ನಕ್ಕ. "ತೋಳಗಳೂ ನನ್ನವೇ. ಸಿಂಹಾಸನ ಬಿಟ್ಟಿಳಿ. ಇಲ್ಲವೇ, ಕಲಿಸಿದವರು ಒಂದೇಟೂ ಕೊಡದೆ ಕಲಿಸಿದ ನಾಯಿಯೊಂದನ್ನು ತಾ. ಅದು ಒಂದೇ ಹಗಲಿನಲ್ಲಿ ನನ್ನ ಮೂರು ಪರೀಕ್ಷೆ ಗೆದ್ದರೆ ಮಾಯೆ ಮುರಿಯುತ್ತದೆ. ಸೋತರೆ ನಾಯಿಯೂ ಕಲ್ಲು, ಕಲಿಸಿದವರೂ ಕಲ್ಲು."

ಅಂಥ ನಾಯಿ ಲೋಕದಲ್ಲೇ ಇಲ್ಲವೆಂದು ಅವನಿಗೆ ಖಾತ್ರಿಯಿತ್ತು.

ಆದರೆ ಇತ್ತು. ಅದರ ಹೆಸರು ಕಡ್ಡಿ.

ಕಡ್ಡಿ ಕುರಿಗಾರ್ತಿ ಮಾಳವ್ವನ ನಾಯಿ. ಮಾಳವ್ವ ಒಂದೇ ಒಂದು ಕುಂಟ ಕುರಿಮರಿಯಿಂದ ನೂರು ಕುರಿಗಳ ಹಿಂಡು ಮಾಡಿದವಳು. ಕುರಿ ಕಾಯುವುದು ಗಂಡಸರ ಕೆಲಸವೆಂದವರ ಮುಂದೆಯೇ, ಕತ್ತು ತಗ್ಗಿಸದೆ, ಹಿಂಡು ಹೊಡೆದುಕೊಂಡು ಹೋಗುವವಳು. ಕಡ್ಡಿ ಮರಿಯಾಗಿದ್ದಾಗ ದಂಡಕೇತುವಿನ ಬೆತ್ತದ ಒಂದೇಟು ತಿಂದು, ಹಿಂಗಾಲಿನ ಒಂದು ಉಗುರು ಕಲ್ಲಾಗಿ, ಕೆಲಸಕ್ಕೆ ಬಾರದೆಂದು ಅರಮನೆಯಿಂದ ಹೊರಬಿದ್ದಿತ್ತು. ನಡೆದರೆ ಟಿಕ್ ಟಿಕ್ ಸದ್ದು. ಮೈಯಲ್ಲಿ ಎಲುಬು ಬಿಟ್ಟರೆ ಬೇರೇನಿಲ್ಲ. ಮಾಳವ್ವ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ನಾಯಿಗೆ ಕಲಿಸುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮರಿಗಳು ಆಡುವುದನ್ನು ಕೂತು ನೋಡಿದಳು. ತಾಯಿನಾಯಿ ಬಾಲ ಆಡಿಸುತ್ತದೆ, ಮರಿ ಹಾರಿ ಹಿಡಿಯುತ್ತದೆ. ಬೇಟೆ ಕಲಿಯುವುದು ಹಾಗೆ. ಅಷ್ಟು ಸಾಕಾಯಿತು ಅವಳಿಗೆ.

ರೊಟ್ಟಿಯ ತುಣುಕನ್ನು ಮುಷ್ಟಿಯಲ್ಲಿ ಹಿಡಿದಳು. ಕಡ್ಡಿ ಮೂಸಿತು, ಕೆರೆಯಿತು, ಕುಂಯ್‌ಗುಟ್ಟಿತು. ಮುಷ್ಟಿ ಬಿಚ್ಚಲಿಲ್ಲ. ಬೇಸತ್ತು ಮೂತಿ ತಿರುಗಿಸಿದ ಗಳಿಗೆಯಲ್ಲೇ ಮಾಳವ್ವ ನಾಲಿಗೆಯಿಂದ "ಟಕ್" ಎಂದು ಸದ್ದು ಮಾಡಿ ಮುಷ್ಟಿ ಬಿಚ್ಚಿದಳು. ಇದು ಬಿಡುವ ಆಟ. ಬಂಡೆಯ ಹಿಂದೆ ಅಡಗಿ ಕೂತಳು. ಹುಡುಕಿ ಬಂದರೆ "ಟಕ್", ಒಂದು ತುತ್ತು. ಇದು ಅಡಗುವ ಆಟ. ಬೆರಳಿಗೆ ಮೂಗು ತಾಗಿಸಿದರೆ "ಟಕ್", ಹುಲ್ಲುಕಡ್ಡಿಗೆ ತಾಗಿಸಿದರೂ "ಟಕ್". ಇದು ಮುಟ್ಟುವ ಆಟ. ಟಕ್ ಎಂದ ಮೇಲೆ ತುತ್ತು ತಪ್ಪಬಾರದು, ಇದು ಅವಳ ಕಟ್ಟಳೆ. ಮನೆಯಲ್ಲಿ ಒಂದೇ ರೊಟ್ಟಿ ಇದ್ದ ದಿನವೂ ತಪ್ಪಲಿಲ್ಲ. ಇನ್ನೊಂದು ಕಟ್ಟಳೆ, ನಾಯಿಗೆ ಇನ್ನೂ ಬೇಕು ಅನ್ನಿಸುವಾಗಲೇ ಆಟ ನಿಲ್ಲಿಸುವುದು.

ಪಕ್ಕದ ಹಟ್ಟಿಯ ಫಕೀರವ್ವ ನಗುತ್ತಿದ್ದಳು. "ಏನಬೇ ಮಾಳವ್ವ, ಇಷ್ಟು ವಯಸ್ಸಾತು, ನಾಯಿ ಕೂಡ ಆಟ ಆಡ್ತೀಯಲ್ಲ?"

"ಆಡಿದ್ರ ಬುದ್ಧಿ ಬರತೈತಿ. ನೀ ಸಣ್ಣಾಕಿದ್ದಾಗ ನಿನ್ನ ಯಾರೂ ಆಡಿಸಿಲ್ಲ, ಕಾಣತೈತಿ!"

ಅಂಥ ನಾಯಿ ಬೇಕೆಂದು ರಾಜ ಹೊಡೆಸಿದ ಡಂಗುರ ಕೇಳಿದ ಮರುದಿನ ಬೆಳಿಗ್ಗೆ ಮಾಳವ್ವ ಹೆಗಲಿಗೆ ರೊಟ್ಟಿಯ ಚೀಲ, ಕೈಯಲ್ಲಿ ಕುರಿ ಕಾಯುವ ಕೋಲು ಹಿಡಿದು ಅರಮನೆಯ ಅಂಗಳಕ್ಕೆ ಬಂದಳು. ಹಿಂದೆ ಟಿಕ್ ಟಿಕ್ ಎನ್ನುತ್ತ ಕಡ್ಡಿ.

"ಇದೇನು, ನಾಯಿಯೋ ನಾಯಿಯ ನೆರಳೋ?" ಎಂದ ದಂಡಕೇತು.

"ನೀ ಒಗದ ನಾಯಿ. ನಾ ಬೆಳಸಿದ ನಾಯಿ. ಪರೀಕ್ಷೆ ತಗೀ," ಎಂದಳು ಮಾಳವ್ವ.

ಮೊದಲ ಪರೀಕ್ಷೆ. ಮಾಯಾವಿ ಚಿಟಿಕೆ ಹೊಡೆದ. ಆನೆಯೆತ್ತರ ಬೆಂದ ಮಾಂಸದ ಗುಡ್ಡೆ ಎದ್ದಿತು. ತುಂಡುಗಳು ಕುಣಿದು ಬಂದು "ಕಡ್ಡೀ, ತಿನ್ನು ಬಾ" ಎಂದು ಕರೆದವು. ಮುಟ್ಟಿದರೆ ಸೋಲು. ಕಡ್ಡಿಯ ಬಾಯಿಂದ ಜೊಲ್ಲು ಧಾರೆಯಾಗಿ ಇಳಿಯಿತು. ಮಾಳವ್ವ ಮುಷ್ಟಿ ಮಾಡಿ ತೋರಿಸಿದಳು. ಕಡ್ಡಿ ಮಾಂಸದಿಂದ ಮೂತಿ ತಿರುಗಿಸಿ ಅವಳನ್ನೇ ನೋಡಿತು.

"ಟಕ್!"

ಗುಡ್ಡೆ ಹೊಗೆಯಾಗಿ ಹೋಯಿತು. ಕಡ್ಡಿ ಒಣರೊಟ್ಟಿಯ ತುಣುಕನ್ನು ಹಬ್ಬದೂಟದಂತೆ ಮೆದ್ದಿತು.

ಎರಡನೆಯ ಪರೀಕ್ಷೆ. ಮಾಯಾವಿ ಚಿಟಿಕೆ ಹೊಡೆದ. ಅಂಗಳದಲ್ಲಿ ಏಳು ಮಂದಿ ಮಾಳವ್ವಂದಿರು ನಿಂತರು. ಅದೇ ಸೀರೆ, ಅದೇ ದನಿ, ಅದೇ ಕುರಿಯ ವಾಸನೆ. ನಾಯಿ ನಿಜವಾದವಳನ್ನು ಹುಡುಕಬೇಕು. ಆರು ಮಂದಿ ನಿಂತಲ್ಲೇ ನಿಂತು "ಕಡ್ಡೀ, ಬಾ ಇಲ್ಲಿ!" ಎಂದು ಕೂಗಿದರು. ಏಳನೆಯವಳು ಕೂಗಲೇ ಇಲ್ಲ. ಸೀರೆ ಎತ್ತಿ ಕಟ್ಟಿ, ಓಡಿ ಹೋಗಿ ಕಂಬದ ಹಿಂದೆ ಅಡಗಿದಳು. ನಿಂತು ಕರೆಯುವುದು ಹುಕುಂ, ಓಡಿ ಅಡಗುವುದು ಆಟ. ಈ ವ್ಯತ್ಯಾಸ ಕಡ್ಡಿಗೆ ಗೊತ್ತಿತ್ತು. ಕಂಬದ ಹಿಂದೆ ಹಾರಿತು.

"ಟಕ್!"

ಆರು ಮಂದಿ ಧೂಳಾಗಿ ಉದುರಿದರು. ಜನ ಕೇಕೆ ಹಾಕಿದರು. ಮಾಳವ್ವನ ಎದೆ ಉಬ್ಬಿತು.

ದಂಡಕೇತು ಈಗ ನಗಲಿಲ್ಲ. ಅಂಗಳದ ನಡುವೆ ತನ್ನ ಬೆತ್ತವನ್ನೇ ನೆಟ್ಟ. "ಮೂರನೆಯದು. ಹೊತ್ತು ಮುಳುಗುವುದರೊಳಗೆ ಈ ನಾಯಿ ತಾನಾಗಿಯೇ ಹೋಗಿ ನನ್ನ ಬೆತ್ತಕ್ಕೆ ಮೂಗು ತಾಗಿಸಬೇಕು."

"ಅಷ್ಟೇನು? ಈಗ ನೋಡ್ರಿ ನನ್ನ ನಾಯೀನ!" ಎಂದು ಮಾಳವ್ವ ಜನರತ್ತ ತಿರುಗಿ ಕೈ ಬೀಸಿದಳು. "ಕಡ್ಡೀ, ಮುಟ್ಟು!"

ಕಡ್ಡಿ ಎರಡು ಹೆಜ್ಜೆ ಹೋಗಿ ನಿಂತಿತು. ಬೆತ್ತ ಕಂಡು ಬಾಲ ಮುದುರಿ ಹಿಂದೆ ಸರಿಯಿತು.

"ಮುಟ್ಟು ಅಂದೆ!"

ಯಾರೋ ಕಿಸಕ್ಕನೆ ನಕ್ಕರು. ಆ ನಗು ಮಾಳವ್ವನ ನೆತ್ತಿಗೇರಿತು. ಇಷ್ಟು ದಿನ ಒಮ್ಮೆಯೂ ಏರದ ಅವಳ ಕೋಲು ಅವತ್ತು ಮೇಲೇರಿತು. "ಏ ಹಾಳಾದವನ, ಮಂದ್ಯಾಗ ನನ್ನ ಮಾನ ಕಳೀತೀಯೇನು?"

"ಹೊಡಿ! ಹೊಡಿ!" ಎಂದು ದಂಡಕೇತು ಕುಣಿದ. "ಆ ಕೋಲು ಇಳಿದರೆ ರಾಜ್ಯ ನನ್ನದು!"

ಕಡ್ಡಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಅವಳನ್ನೇ ನೋಡಿತು. ಏಟು ಬೀಳುವ ಮೊದಲೇ ಭಯಕ್ಕೆ ಅದರ ಬಾಲದ ತುದಿ ಬೆಳ್ಳಗೆ ಕಲ್ಲಾಗತೊಡಗಿತ್ತು.

ಮಾಳವ್ವನ ಕೈ ಗಾಳಿಯಲ್ಲೇ ನಿಂತಿತು. ಕೋಲನ್ನು ದೂರ ಎಸೆದಳು. ಯಾರ ಮುಂದೆಯೂ ಕತ್ತು ತಗ್ಗಿಸದವಳು ರಾಜನ ಎದುರು, ಇಡೀ ಊರಿನ ಎದುರು, ಧೂಳಿನಲ್ಲಿ ಮೊಣಕಾಲೂರಿ ಕೂತಳು.

"ತಪ್ಪು ನಂದಪ್ಪ, ನಿಂದಲ್ಲ. ಮೊದಲಿಂದ ಆಡೂಣು ಬಾ."

ಬೆರಳು ಚಾಚಿದಳು. ಕಡ್ಡಿ ಬಹಳ ಹೊತ್ತು ನೋಡಿತು. ಆಮೇಲೆ ಮೂಗು ತಾಗಿಸಿತು. "ಟಕ್." ತುತ್ತು. ಬಾಲದ ತುದಿ ಮತ್ತೆ ಮೆತ್ತಗಾಯಿತು. ಹುಲ್ಲುಕಡ್ಡಿ ಹಿಡಿದಳು. "ಟಕ್." ಎಸೆದ ಕೋಲನ್ನು ತಂದು ನೆಲದ ಮೇಲೆ ಮಲಗಿಸಿದಳು. ಕಡ್ಡಿ ಹಿಂಜರಿಯಿತು; ಅವಳು ಕಾದಳು. "ಟಕ್." ಕೋಲನ್ನು ನಿಲ್ಲಿಸಿ ಹಿಡಿದಳು. "ಟಕ್." ಆಡುತ್ತ ಆಡುತ್ತ ಬೆತ್ತದ ಕಡೆಗೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ.

ಬಿಸಿಲು ಕೆಂಪಾಯಿತು. ರಾಜ ಕೂಗಿದ. "ಮಾಳವ್ವ, ಹೊತ್ತು ಇಳಿಯುತ್ತಿದೆ ತಾಯಿ!"

"ಇಳೀಲಿ ಬಿಡ್ರಿ ದೊರಿ. ಹೊತ್ತಿನ ಅವಸರ ಹೊತ್ತಿಗೆ. ನಾಯಿಗಿಲ್ಲ."

ಬೆತ್ತ ಇನ್ನು ಐದು ಹೆಜ್ಜೆ ದೂರವಿತ್ತು. ಚೀಲದಲ್ಲಿ ಕೊನೆಯ ತುಣುಕು ಉಳಿದಿತ್ತು. ಕಡ್ಡಿಯ ಬಾಲ ಈಗ ಗಿರಗಿರ ತಿರುಗುತ್ತಿತ್ತು. ಅದಕ್ಕೆ ಇನ್ನೂ ಬೇಕಿತ್ತು. ಆಗಲೇ ಮಾಳವ್ವ ಎದ್ದಳು, ಚೀಲ ಹೆಗಲಿಗೇರಿಸಿ ಬೆನ್ನು ತಿರುಗಿಸಿದಳು. ಆಟ ಮುಗಿಯಿತೆಂಬಂತೆ.

ಅಂಗಳದಲ್ಲಿ ಒಂದೇ ಸದ್ದು. ಟಿಕ್. ಟಿಕ್. ಟಿಕ್.

ಮಾಳವ್ವ ಹೊರಳಿ ನೋಡಿದಳು. ಕಡ್ಡಿ ಬೆತ್ತಕ್ಕೆ ಮೂಗು ತಾಗಿಸಿ, ಎಲ್ಲಿ ನನ್ನ ಟಕ್ ಎನ್ನುವಂತೆ ಅವಳತ್ತ ನೋಡುತ್ತಿತ್ತು.

"ಟಕ್!"

ಬೆತ್ತವೂ ಅದೇ ಸದ್ದು ಮಾಡಿ ನಡುವೆ ಸೀಳಿತು. ಕಡ್ಡಿಯ ಉಗುರಿನ ಕಲ್ಲು ಕಳಚಿ ಬಿತ್ತು. ಏಳುನೂರು ಕಲ್ಲುಬಾಲಗಳು ಒಟ್ಟಿಗೆ ಅಲ್ಲಾಡಿದವು. ಏಳುನೂರು ನಾಯಿಗಳು ಮೈ ಕೊಡವಿ ಬೊಗಳಿದವು. ತೋಳಗಳು ಕಾಡು ದಾಟಿ ಓಡಿದವು. ದಂಡಕೇತು ಕೊಟ್ಟ ಏಟೆಲ್ಲ ಅವನಿಗೇ ಹಿಂದಿರುಗಿ, ಅವನು ಉಂಗುಟದಿಂದ ನೆತ್ತಿಯವರೆಗೆ ಕಲ್ಲಾಗಿ ನಿಂತ.

ರಾಜ ಸಿಂಹಾಸನದಿಂದ ಇಳಿದು ಬಂದು ಕೈಮುಗಿದ. "ತಾಯಿ, ಏನು ಬೇಕು ಕೇಳು."

"ಒಂಚೂರು ತಡೀರಿ ದೊರಿ," ಎಂದಳು ಮಾಳವ್ವ. "ಟಕ್ ಅಂದೀನಿ, ತುತ್ತು ಕೊಡೂದೈತಿ."

ರಾಜ ಕಾದ. ಮಾಳವ್ವ ಕೊನೆಯ ತುಣುಕನ್ನು ಕಡ್ಡಿಗೆ ತಿನ್ನಿಸಿ, ಕೈ ಒರೆಸಿಕೊಂಡು, ಆಮೇಲೆ ಹೇಳಿದಳು: "ನಿಮ್ಮ ನಾಯಿಮನ್ಯಾಗ ಇನ್ನ ಬೆತ್ತ ಇರಬಾರದು. ಕಲಿಸೂದು ನಾ ಹೇಳಿಕೊಡ್ತೀನಿ. ನೀವೂ ನೆಲಕ್ಕ ಕೂಡಬೇಕಾಗತೈತಿ, ಮತ್ತ."

ರಾಜ ಅಲ್ಲೇ ಧೂಳಿನಲ್ಲಿ ಕೂತ.

ಅಂದಿನಿಂದ ಕಣಗಿಲಪುರದಲ್ಲಿ ನಾಯಿಗಳೂ ಜನರೂ ಆಡುತ್ತ ಕಲಿತರು, ಕಲಿಯುತ್ತ ನಕ್ಕರು, ಯಾವ ತೋಳದ ಭಯವೂ ಇಲ್ಲದೆ ಸುಖವಾಗಿ ಬಾಳಿದರು. ಕಲ್ಲಾದ ದಂಡಕೇತು ಮಾತ್ರ ಅರಮನೆಯ ಬಾಗಿಲಲ್ಲೇ ನಿಂತಿದ್ದ. ದಿನಾ ಬೆಳಿಗ್ಗೆ ಕಾವಲಿಗೆ ಹೊರಟ ಏಳುನೂರು ನಾಯಿಗಳೂ ಅವನ ಬಳಿ ನಿಂತು ಒಂದು ಗಳಿಗೆ ಕಾಲೆತ್ತಿ ಮುಂದೆ ಹೋಗುತ್ತಿದ್ದವು. ಮೊದಲ ಸರದಿ ಕಡ್ಡಿಯದು.