ನಾಲ್ಕನೆಯ ತೂತು

ಮರ್ವಿನ್ ಟ್ರೆಗಿಲ್ಗಸ್‌ಗೆ ತನ್ನ ಊರಿನವರ ಬಗ್ಗೆ ಇದ್ದದ್ದು ಒಂದೇ ಅಭಿಪ್ರಾಯ: ತಲೆಯಲ್ಲಿ ಬಾರ್ಲಿ ಹೊಟ್ಟು ತುಂಬಿಕೊಂಡವರು. ಆಸ್ಟ್ರೇಲಿಯಾದ ಕಡಲಂಚಿನ ಹೊಲದಲ್ಲಿ ಬಾರ್ಲಿ ಬೆಳೆಯುತ್ತ, ಟ್ರ್ಯಾಕ್ಟರುಗಳನ್ನು ಬಿಚ್ಚಿ ಜೋಡಿಸುತ್ತ ತಲೆ ನರೆಸಿಕೊಂಡವನು ಅವನು. ಅಂಥವನ ಏಳು ಸೀಟಿನ ಕಾರಿನಲ್ಲಿ ಎಂಜಿನ್ ಎಣ್ಣೆಯ ಮಟ್ಟ ತೋರಿಸುವ ಎಣ್ಣೆಕಡ್ಡಿಯನ್ನು ಉಗುರಿಗೆ ಬಣ್ಣ ಹಚ್ಚಿದ ಎರಡು ಬೆರಳಲ್ಲಿ ಎಳೆದು ನೋಡಿ ತೀರ್ಪು ಕೊಟ್ಟವಳು ಟೀಗನ್. ಅಡಿಲೇಡಿನಲ್ಲಿ ಎಂಜಿನಿಯರಿಂಗ್ ಓದಿ ಬಂದು, ಅಪ್ಪ ಕಟ್ಟಿದ ಶೋರೂಮು, ವರ್ಕ್‌ಶಾಪು ಎರಡಕ್ಕೂ ಒಡತಿಯಾಗಿ ಕೂತಿದ್ದಳು.

"ಎಣ್ಣೆ ಕುಡೀತಿದೆ ಅಂಕಲ್, ಇಲ್ಲ ಅನ್ನಲ್ಲ. ಆದ್ರೆ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ದಾಟಿದ್ರೆ ಮಾತ್ರ ಕಂಪನಿಯವರು ಹೊಸ ಎಂಜಿನ್ ಕೊಡೋದು. ನಿಮ್ಮದು ಅಷ್ಟು ಕುಡಿಯಲ್ಲ ಅನ್ಸುತ್ತೆ."

"ಹಿಂದೆ ನೀಲಿ ಹೊಗೆ ಬರ್ತಿದೆ. ನನ್ನ ಹೆಂಡತಿ ಮೊಮ್ಮಕ್ಕಳನ್ನ ಅದರಲ್ಲಿ ಕರ್ಕೊಂಡು ಓಡಾಡ್ತಾಳೆ. ಇದಕ್ಕೂ ಒಂದು ಮಿತಿ ಅಂತೆ. ಪಬ್ಬಲ್ಲಿ ಕೂತು ಬರೆದಿರಬೇಕು ನಿಮ್ಮ ಕಂಪನಿಯವರು."

"ಹಂಗಾದ್ರೆ ಪರೀಕ್ಷೆ ಮಾಡೇಬಿಡೋಣ. ಕಾರು ಬಿಟ್ಟು ಹೋಗಿ. ಎಣ್ಣೆ ತುಂಬಿ, ಸೀಲು ಹಾಕಿ ಕೊಡ್ತೀನಿ. ಸಾವಿರ ಕಿಲೋಮೀಟರ್ ಓಡಿಸ್ಕೊಂಡು ಬನ್ನಿ, ಎಷ್ಟು ಇಳಿದಿದೆ ನೋಡೋಣ."

ವಾರಂಟಿ ಮುಗಿಯಲು ತಿಂಗಳಷ್ಟೇ ಉಳಿದಿತ್ತು. ಮುಗಿದರೆ ಆ ಹೊಗೆ ಬಂಡಿ ಅವನ ಕೊರಳಿಗೇ. ಹೊಸ ಎಂಜಿನ್ ಬಂದರೆ ಮೈದುನನಿಗೆ ಒಳ್ಳೆ ಬೆಲೆಗೆ ದಾಟಿಸಿಬಿಡಬಹುದು. ಮೈದುನನೂ ದಡ್ಡನೇ. ಮರ್ವಿನ್ ಪಾಸ್ಟಿ ಎಂಬ ಮಾಂಸದ ಕಡುಬು ಕಡಿಯುತ್ತ ಮನೆಗೆ ನಡೆದ. ತಿಂದು ಮುಗಿಸುವ ಹೊತ್ತಿಗೆ ಯೋಜನೆ ತಯಾರಾಗಿತ್ತು.

ಮರುದಿನ ವರ್ಕ್‌ಶಾಪಿನಿಂದ ಕಾರು ತಂದವಳು ಹೆಂಡತಿ ಎಲ್ವಾ. ಅವಳು ಊಟಕ್ಕೆ ಬಡಿಸುತ್ತ ಟೀಗನ್ ಹೇಳಿ ಕಳಿಸಿದ್ದೇನನ್ನೋ ಶುರುಮಾಡಿದಳು. ಎಂಜಿನ್ನಿನ ವಿಷಯ ಹೆಂಗಸರ ಬಾಯಲ್ಲಿ ಕೇಳಿದರೆ ಅವನಿಗೆ ಹಲ್ಲುನೋವು ಬರುತ್ತಿತ್ತು. ಟಿವಿಯ ಸದ್ದು ಹೆಚ್ಚಿಸಿ ಫುಟ್‌ಬಾಲ್ ನೋಡಿದ.

ಆಮೇಲೆ ಶೆಡ್ಡಿನಲ್ಲಿ ಬಾನೆಟ್ ಎತ್ತಿದವನಿಗೆ ನಗು ತಡೆಯಲಿಲ್ಲ. ಎಣ್ಣೆಕಡ್ಡಿಗೆ ತಂತಿ ಸೀಲು, ಎಣ್ಣೆ ಹೊಯ್ಯುವ ಮುಚ್ಚಳಕ್ಕೆ ತಂತಿ ಸೀಲು, ಎಣ್ಣೆ ಬಸಿಯುವ ತಳದ ಬೋಲ್ಟಿಗೆ, ತಿರುಗಿಸಿದರೆ ಗೊತ್ತಾಗುವಂತೆ, ಹಳದಿ ಬಣ್ಣದ ಗೆರೆ. ಮೂರು ಬಾಗಿಲಿಗೆ ಬೀಗ ಜಡಿದು ಕಿಟಕಿ ತೆರೆದಿಟ್ಟು ಹೋದ ಹಾಗಿತ್ತು. ಎಂಜಿನ್ನಿನ ಪಕ್ಕದಲ್ಲಿ ಎಣ್ಣೆಯ ಒತ್ತಡ ಅಳೆಯುವ ಹೆಬ್ಬೆರಳು ಗಾತ್ರದ ಒಂದು ಸ್ವಿಚ್ಚಿದೆ. ಅದನ್ನು ತಿರುಗಿಸಿ ತೆಗೆದರೆ ಅಲ್ಲೊಂದು ತೂತು. ಆ ತೂತಿಗೆ ಕೊಳವೆ ಸಿಕ್ಕಿಸಿ, ಎಂಜಿನ್ ಸ್ವಲ್ಪ ಹೊತ್ತು ಚಾಲೂ ಮಾಡಿದರೆ ಸಾಕು, ಎಣ್ಣೆ ತಾನಾಗಿ ಚಿಮ್ಮಿ ಡಬ್ಬಕ್ಕೆ ಬೀಳುತ್ತದೆ. ಪುಸ್ತಕ ನೋಡಿ ಎಂಜಿನ್ ಕಲಿತವರಿಗೆ ಇದೆಲ್ಲಿ ಹೊಳೆಯಬೇಕು.

ಅವಸರ ಮಾಡಲಿಲ್ಲ. ಎಲ್ವಾ ಮೊಮ್ಮಕ್ಕಳ ಜೊತೆ ಅಡಿಲೇಡಿಗೆ ಹೋಗಿ ಬಂದಳು, ಮತ್ತೊಮ್ಮೆ ಹೋಗಿ ಬಂದಳು. ಕಿಲೋಮೀಟರುಗಳು ಪ್ರಾಮಾಣಿಕವಾಗಿಯೇ ಸೇರಿದವು. ಕೊನೆಗೆ ಮರ್ವಿನ್ ಲೀಟರಿಗಿಂತ ಧಾರಾಳವಾಗಿಯೇ ಎಣ್ಣೆ ಬಸಿದುಕೊಂಡ. ಎಂಜಿನ್ ತಾನೇ ಕುಡಿದದ್ದು ಅದರ ಮೇಲೆ ಎಂದು ಅವನ ಲೆಕ್ಕ. ಸ್ವಿಚ್ಚು ಬಿಗಿದು, ಸುತ್ತ ಪೆಟ್ರೋಲಿನಿಂದ ತೊಳೆದು, ಒಂದು ಹನಿಯ ಗುರುತೂ ಉಳಿಯದಂತೆ ಒರೆಸಿದ.

ಬಸಿದ ಎಣ್ಣೆಯನ್ನು ಚೆಲ್ಲಲು ಮನಸ್ಸಾಗಲಿಲ್ಲ. ಅವನ ನಾಯಿ ಡಸ್ಟಿಗೆ ಕಜ್ಜಿ ಹತ್ತಿತ್ತು. ಕಜ್ಜಿ ನಾಯಿಗೆ ಎಂಜಿನ್ ಎಣ್ಣೆ ತಿಕ್ಕುವುದು ಅವನಪ್ಪನ ಕಾಲದಿಂದ ಬಂದ ಹೊಲದ ಮದ್ದು. ಅದು ನಾಯಿಗೆ ವಿಷ ಎಂದು ಪಶುವೈದ್ಯರು ಬಡಕೊಳ್ಳುತ್ತಿದ್ದರು. ಅವರೂ ಓದಿದವರೇ ತಾನೆ. ಮರ್ವಿನ್ ಡಸ್ಟಿಯನ್ನು ಹಿಡಿದು ಮೂತಿಯಿಂದ ಬಾಲದವರೆಗೂ ತಿಕ್ಕಿದ. ಖಾಲಿ ಡಬ್ಬ, ಕೊಳವೆ, ಚಿಂದಿ ಎಲ್ಲ ಬೆಂಕಿಗೆ ಹೋದವು.

ಬೆಳಿಗ್ಗೆ ಕಾರನ್ನು ಎಲ್ವಾ ವರ್ಕ್‌ಶಾಪಿಗೆ ಓಡಿಸಿಕೊಂಡು ಬಂದಳು. ಮರ್ವಿನ್ ಡಸ್ಟಿಯನ್ನು ಕೂರಿಸಿಕೊಂಡು ತನ್ನ ಹಳೇ ಪಿಕಪ್ಪಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಬಂದ. ನಾಯಿ ಇಲ್ಲದೆ ಅವನು ಹೊರಗೆ ಹೊರಟರೆ ಜನ ಆರೋಗ್ಯ ವಿಚಾರಿಸುತ್ತಿದ್ದರು.

"ಎಣ್ಣೆ ತೆಗೆದಿಲ್ಲ, ಹಾಕಿಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕ್ಬೇಕು ಅಂಕಲ್. ಸುಳ್ಳಾದ್ರೆ ಜೈಲು ಅಂತ ನಿಮಗೆ ನಾನು ಹೇಳೋದೇನಿದೆ," ಎಂದಳು ಟೀಗನ್. ಊರವರ ಪ್ರಮಾಣಗಳಿಗೆ ಸಾಕ್ಷಿ ಹಾಕುವ ಅಧಿಕಾರವನ್ನು ಸರ್ಕಾರ ಮರ್ವಿನ್‌ಗೇ ಕೊಟ್ಟಿತ್ತು. ಅದೊಂದೇ ಅವನ ದೊಡ್ಡಸ್ತಿಕೆ. ತನ್ನ ಪ್ರಮಾಣಕ್ಕೆ ತಾನೇ ಸಾಕ್ಷಿಯಾಗುವಂತಿಲ್ಲವಾದ್ದರಿಂದ, ಅದೇ ಅಧಿಕಾರವಿದ್ದ ಪಕ್ಕದ ಔಷಧಿ ಅಂಗಡಿಯವನು ಬಂದು ನಿಂತ. ಮರ್ವಿನ್ ಜೇಬಿನಿಂದ ಸ್ವಂತ ಪೆನ್ನು ತೆಗೆದು ಚಂದಾಗಿ ಸಹಿ ಮಾಡಿದ.

ಟೀಗನ್ ಸೀಲು ಕತ್ತರಿಸಿ ಎಣ್ಣೆಕಡ್ಡಿ ಎಳೆದಳು. ಒರೆಸಿ ಮತ್ತೆ ಅದ್ದಿದಳು. "ಲೀಟರಿಗಿಂತ ಜಾಸ್ತೀನೇ ಇಳಿದಿದೆ," ಅಂದಳು ಮೆಲ್ಲಗೆ.

"ನಾನೇನು ಸುಳ್ಳು ಹೇಳ್ದೆನಾ? ಎಂಜಿನ್ ಯಾವಾಗ ಬರುತ್ತೆ ಹೇಳಮ್ಮ," ಎಂದ ಮರ್ವಿನ್. ಅವಳ ಸಪ್ಪೆ ಮುಖ ನೋಡಿ ಅವನಿಗೆ ಹೊಟ್ಟೆ ತುಂಬಿತು.

"ಅದೇ ಅರ್ಥ ಆಗ್ತಿಲ್ಲ ಅಂಕಲ್. ಎಂಜಿನ್ ಒಳಗಿನ ಹಬೆ ಹೀರೋ ಒಂದು ಸಣ್ಣ ಕವಾಟ ಕೆಟ್ಟು ಎಣ್ಣೆ ಕುಡೀತಿತ್ತು, ಅವತ್ತೇ ಬದಲಾಯಿಸಿದ್ದೆ. ಇನ್ನು ಕುಡಿಯಲ್ಲ ಅಂತ ಎಲ್ವಾ ಆಂಟಿಗೆ ಹೇಳಿ ಕಳಿಸಿದ್ದೆನಲ್ಲ." ಎಲ್ವಾ ಹೌದೆಂದು ತಲೆಯಾಡಿಸಿದಳು. "ಹೊಗೇನೂ ನಿಂತುಹೋಗಿದೆ," ಎಂದಳು. ಎಂಜಿನ್ ಕುಡಿದಿಲ್ಲವೆಂದ ಮೇಲೆ ಎಣ್ಣೆ ಎಲ್ಲಾದರೂ ಸೋರಿರಬೇಕೆಂದು ಟೀಗನ್ ಕಾರನ್ನು ಮೇಲೆತ್ತಿಸಿ, ಬಾಗಿಲು ಇಳಿಸಿ, ದೀಪಗಳನ್ನು ಆರಿಸಿದಳು. ಸೋರಿಕೆ ಹುಡುಕಲು ತಾನು ತುಂಬುವಾಗಲೇ ಎಣ್ಣೆಗೆ ಬೆರೆಸಿದ್ದ ಬಣ್ಣ ಈ ಬೆಳಕಿಗೆ ಮಾತ್ರ ಹಸಿರಾಗಿ ಹೊಳೆಯುತ್ತದೆ ಎನ್ನುತ್ತ ಒಂದು ನೇರಳೆ ದೀಪ ಹಚ್ಚಿದಳು. ಕಾರಿನ ತಳದಲ್ಲಿ ಎಲ್ಲೂ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಎಲ್ಲರೂ ನೋಡುತ್ತಿದ್ದದ್ದು ಕಾರನ್ನಲ್ಲ. ಮರ್ವಿನ್‌ನ ಕಾಲ ಬುಡದಲ್ಲಿ ಡಸ್ಟಿ, ಮೂತಿಯಿಂದ ಬಾಲದವರೆಗೆ ಹಸಿರಾಗಿ ಹೊಳೆಯುತ್ತ, ಆರಾಮಾಗಿ ಮೈ ಕೆರೆದುಕೊಳ್ಳುತ್ತಿತ್ತು.