ಮುಚ್ಚಳದ ಒಳಗಿನ ಗುರುತು

"ಯಾರು ಮುಟ್ಟಿದ್ದು ಇದನ್ನ?"

ಧಡ್ ಅಂತ ಮೇಜಿನ ಮೇಲೆ ಕ್ಯಾಮೆರಾ ಬಂದು ಕೂತಿತು. ಆ ಸದ್ದಿಗೆ, ರಿಪೇರಿಗೆ ಕೂತಿದ್ದ ಹುಡುಗಿಯ ಚಿಮುಟದಲ್ಲಿದ್ದ ಸಾಸಿವೆ ಕಾಳಿನಷ್ಟು ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಇನ್ನು ಅದು ಸಿಕ್ಕಿದ ಹಾಗೆಯೇ!

ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಅವಳು ತಲೆಯೆತ್ತಿದಳು. ಎದುರಿಗೊಬ್ಬ ಎತ್ತರದ ಆಸಾಮಿ. ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು, ಮೂಗಿನ ತುದಿಯಲ್ಲೇ ಕೋಪ.

"ನಾನು ಮುಟ್ಟಿದ್ದು. ಏನೀಗ?"

"ನೀವಾ? ಯಜಮಾನರನ್ನ ಕರೀರಿ. ನಾನು ಕ್ಯಾಮೆರಾ ಕೊಟ್ಟಿದ್ದು ಅವರ ಕೈಗೆ, ವಾಪಸ್ ತಗೊಂಡಿದ್ದೂ ಅವರ ಕೈಯಿಂದ."

"ಕೊಟ್ಟಿದ್ದು ಅವರ ಕೈಗೆ. ರಿಪೇರಿ ಆಗಿದ್ದು ಈ ಕೈಯಿಂದ." ಗ್ರೀಸು ಮೆತ್ತಿದ ಹತ್ತೂ ಬೆರಳು ಎತ್ತಿ ತೋರಿಸಿದಳು.

"ಹಾಗಾದ್ರೆ ಈ ಸಲ ಬಿಚ್ಚಿದ್ದು ಮಗಳು ಅಂತ ಫಿಲ್ಮ್ ತೊಳೆಯೋ ಲ್ಯಾಬಲ್ಲಿ ಯಾರೋ ಹೇಳಿದ್ದು ನಿಜ!" ಅವನ ದನಿ ಏರಿತು. "ನಾಲ್ಕು ದಿನದ ಶೂಟಿಂಗ್... ಅಷ್ಟೂ ಮಸುಕು! ನಿನ್ನೆ ಪರದೆ ಮೇಲೆ ನೋಡಿದೆ. ಅಲ್ಲೇ ಎಲ್ಲರ ಮುಂದೆ ಹೇಳಿಬಿಟ್ಟೆ. ಅಪ್ಪನ ಕೈಯಲ್ಲಿ ಇರೋ ತನಕ ಚೆನ್ನಾಗಿತ್ತು, ಮಗಳ ಕೈಗೆ ಹೋಗಿ ಕೆಟ್ಟಿತು ಅಂತ."

ಅವಳು ಚಿಮುಟ ಕೆಳಗಿಟ್ಟಳು.

"ಎಷ್ಟು ಜನ ಇದ್ರು?"

"ಏನು?"

"ಆ ಮಾತು ಹೇಳಿದಾಗ ಲ್ಯಾಬಲ್ಲಿ ಎಷ್ಟು ಜನ ಇದ್ರು ಅಂತ ಕೇಳ್ತಿದೀನಿ."

"ಹನ್ನೊಂದು ಜನ... ಯಾಕೆ?"

"ನೆನಪಿಟ್ಕೊಳ್ಳಿ. ಮುಂದೆ ಬೇಕಾಗತ್ತೆ."

ಲ್ಯಾಬಿನವರು ಅವಳನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ!

ಹಳೆಯ ಸಿನಿಮಾ ಕ್ಯಾಮೆರಾ, ಹಳೆಯ ಲೆನ್ಸು ರಿಪೇರಿ ಮಾಡುವ ಆ ಒಂದೂವರೆ ಕೋಣೆಯ ಅಂಗಡಿ ಅವಳ ಅಪ್ಪನದು. ನಾಲ್ಕು ವರ್ಷದ ಹಿಂದೆ ಅಪ್ಪನ ಕೈ ನಡುಗಲು ಶುರುವಾಯಿತು. ಅಂದಿನಿಂದ ಅಪ್ಪ ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುತ್ತಾರೆ, ಹಿಂದಿನ ಕೋಣೆಯಲ್ಲಿ ಅವಳು ಕೆಲಸ ಮಾಡುತ್ತಾಳೆ. ಹೊಗಳಿಕೆ ಮುಂದಿನ ಕೋಣೆಗೆ, ಗ್ರೀಸು ಹಿಂದಿನ ಕೋಣೆಗೆ!

ಆ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಕ್ಯಾಮೆರಾ ಬಿಚ್ಚಿ ಸರಿಮಾಡಿದವರು ಅದರ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತು ಗೀರಿ, ತಾರೀಕು ಹಾಕುತ್ತಾರೆ. ಹೊರಗಿನವರಿಗೆ ಕಾಣುವುದಿಲ್ಲ. ಮುಂದೆ ಎಂದೋ ಅದನ್ನು ಬಿಚ್ಚುವವರಿಗೆ ಮಾತ್ರ ಗೊತ್ತಾಗುತ್ತದೆ. ನಾಲ್ಕು ವರ್ಷ ಅವಳು ಗೀರಿದ್ದು ಅಪ್ಪನ ಗುರುತು. ಕಳೆದ ತಿಂಗಳು, ಮೊಟ್ಟಮೊದಲ ಸಲ ಅಪ್ಪ "ನಿನ್ನದೇ ಹಾಕು ಮರಿ" ಅಂದಿದ್ದರು. ಅವಳು ಒಂದು ಪುಟ್ಟ ಎಲೆ ಗೀರಿದ್ದಳು.

ಅದು ಇದೇ ಕ್ಯಾಮೆರಾ! ದೂರು ಹೊತ್ತು ಬಂದಿದ್ದೂ ಇದೇ!

"ಕೂತ್ಕೊಳ್ಳಿ. ಆ ಮಸುಕಾದ ಫಿಲ್ಮ್ ತಂದಿದೀರಾ?"

ಅವನು ಬ್ಯಾಗಿನಿಂದ ಒಂದು ಮೊಳ ಫಿಲ್ಮ್ ತೆಗೆದು ಕೊಟ್ಟ. ಅವಳು ದೀಪಕ್ಕೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಚೌಕ ನೋಡಿದಳು.

"ಮುಖ ಮಸುಕು, ಸರಿ. ಹಿಂದಿನ ಗೋಡೆ ನೋಡಿದ್ರಾ? ಇಟ್ಟಿಗೆ ಎಣಿಸಬಹುದು, ಅಷ್ಟು ಚೆನ್ನಾಗಿದೆ. ಅಂದ್ರೆ ಲೆನ್ಸ್ ಇರಬೇಕಾದ ಜಾಗಕ್ಕಿಂತ ಒಳಗೆ ಹೋಗಿದೆ. ನಾನು ಕೊಟ್ಟಾಗ ಹೀಗಿರಲಿಲ್ಲ."

"ಹಾಗಂತ ನೀವು ಹೇಳ್ತೀರಿ."

ಲೆನ್ಸ್ ಕಳಚಿ, ಅದು ಕೂರುವ ಬಾಯಿಯ ನಾಲ್ಕು ಸ್ಕ್ರೂ ಕಾಣುವಂತೆ ಕ್ಯಾಮೆರಾವನ್ನು ಅವನ ಮೂಗಿನ ಹತ್ತಿರ ಹಿಡಿದಳು. ಕೆಲಸ ಮುಗಿದ ಮೇಲೆ ಪ್ರತಿ ಸ್ಕ್ರೂ ತಲೆಗೂ ಅವಳು ಒಂದು ಹನಿ ಕೆಂಪು ಉಗುರುಬಣ್ಣ ಇಡುತ್ತಿದ್ದಳು. ನಾಲ್ಕೂ ಹನಿ ಒಡೆದಿದ್ದವು.

"ಯಾರು ಬಿಚ್ಚಿದ್ದು?"

"ನಾನೇ," ಅವನು ತಡವರಿಸಲಿಲ್ಲ. "ಮೊದಲ ದಿನಾನೇ ಮರಳು ಹೋಗಿತ್ತು. ಬಿಚ್ಚಿ, ಒರೆಸಿ, ಹಾಗೇ ಹಾಕಿದೆ. ಒಂದು ಸ್ಕ್ರೂನೂ ಕಳೆದಿಲ್ಲ."

ಅವಳು ಸ್ಕ್ರೂ ಬಿಚ್ಚಿ ಬಾಯಿ ಎತ್ತಿ ನೋಡಿದಳು. "ಇದರ ಕೆಳಗೆ ಒಂದು ತೆಳು ವಾಷರ್ ಇತ್ತು. ಲೆನ್ಸಿಗೂ ಫಿಲ್ಮಿಗೂ ನಡುವಿನ ದೂರ ಕಾಯ್ತಾ ಇದ್ದಿದ್ದೇ ಅದು. ಅಷ್ಟು ತೆಳು ಹಿತ್ತಾಳೆ ತಗಡು ಖಾಲಿಯಾಗಿತ್ತು. ಹಳೇ ಫಿಲ್ಮ್ ತೊಳೆದು, ಅಳೆದು, ಅದರಲ್ಲೇ ಉಂಗುರದ ಹಾಗೆ ಕತ್ತರಿಸಿ ಕೂರಿಸಿದ್ದೆ. ಎಲ್ಲಿ ಅದು?"

ಅವನು ಒಮ್ಮೆ ಕ್ಯಾಮೆರಾ, ಒಮ್ಮೆ ತನ್ನ ಬ್ಯಾಗ್ ನೋಡಿದ. ಮುಖದ ಬಣ್ಣ ಇಳಿದುಹೋಯಿತು.

ಮರುಕ್ಷಣ ಬ್ಯಾಗ್ ಹೆಗಲಿಗೇರಿಸಿ, ಕ್ಯಾಮೆರಾ ಅಲ್ಲೇ ಬಿಟ್ಟು, ಒಂದು ಮಾತೂ ಆಡದೆ ಹೊರಟೇಹೋದ!

'ಹೇಡಿ! ತಪ್ಪು ತನ್ನದು ಅಂತ ಗೊತ್ತಾದ ಕೂಡಲೇ ಕಾಲಿಗೆ ಬುದ್ಧಿ ಹೇಳಿದ!'

ಅವಳಿಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿಸಿದ್ದು, ಹೊರಗೆ ಹೋಗಿದ್ದು ಆಮೇಲೆ ಬಂದು ವಿಷಯ ಕೇಳಿದ ಅಪ್ಪನ ಮಾತು.

"ದೂರು ಬಂದ ಕ್ಯಾಮೆರಾದಲ್ಲಿ ಗುರುತು ಉಳಿಸೋ ಹಾಗಿಲ್ಲ ಮರಿ. ನಮ್ಮ ಗುರುಗಳ ಕಾಲದಿಂದ ಬಂದ ನಿಯಮ. ಉಜ್ಜಿಬಿಡು. ಆಮೇಲೆ ಇನ್ನೊಂದರಲ್ಲಿ ಹಾಕಿದ್ರಾಯ್ತು."

"ತಪ್ಪು ನನ್ನದಾಗಿದ್ರೆ ಉಜ್ತಿದ್ದೆ ಅಪ್ಪ!"

"ನಿನ್ನದಲ್ಲ ಅಂತ ಯಾರು ಹೇಳ್ತಾರೆ?"

"ನೀವು ಹೇಳಬೇಕಿತ್ತು! ನಾಲ್ಕು ವರ್ಷ ಆಯ್ತು. ಒಬ್ಬ ಗಿರಾಕಿ ಹತ್ರ, ಒಂದೇ ಒಬ್ಬರ ಹತ್ರ, ಇದು ನನ್ನ ಮಗಳು ಮಾಡಿದ್ದು ಅಂತ ಹೇಳಿದೀರಾ? ಚೆನ್ನಾಗಿದ್ದಾಗ ನಿಮ್ಮ ಕೈ, ಕೆಟ್ಟಾಗ ನನ್ನ ಕೈ! ಇದ್ಯಾವ ನ್ಯಾಯ?"

ಅಪ್ಪ ನಡುಗುವ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

ಮಾರನೆಯ ದಿನ ಒಬ್ಬರು ಬಂದು ರಿಪೇರಿಗೆ ಕೊಟ್ಟಿದ್ದ ಲೆನ್ಸ್ ವಾಪಸ್ ಕೇಳಿದರು. ಅದರ ಮಾರನೆಯ ದಿನ ಇನ್ನೊಬ್ಬರು. "ಅರ್ಜೆಂಟೇನಿಲ್ಲ, ಆಮೇಲೆ ನೋಡೋಣ" ಅಂದರು, ಅವಳ ಮುಖ ನೋಡದೆ. ಹನ್ನೊಂದು ಬಾಯಿಯ ಮಾತು ಊರೆಲ್ಲ ಸುತ್ತಿತ್ತು.

ಅವಳು ಎಲೆಯ ಗುರುತನ್ನು ಉಜ್ಜಲಿಲ್ಲ. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ನೋಡಿದಳು. 'ನನ್ನ ಕೈ ತಪ್ಪಿಲ್ಲ... ತಪ್ಪಿಲ್ಲ...' ಹೇಳಿಕೊಂಡಷ್ಟೂ ಎಲ್ಲೋ ಒಂದು ಕಡೆ ಅನುಮಾನ ಕುಟುಕುತ್ತಿತ್ತು. ಆ ವಾಷರ್ ಕಣ್ಣಿಗೆ ಬೀಳದ ಹೊರತು ಯಾರು ನಂಬುತ್ತಾರೆ?

ನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ಅದೇ ಎತ್ತರದ ಆಸಾಮಿ! ಅಂಗಿಯೆಲ್ಲ ಮುದುರಿತ್ತು.

"ಓಹೋ! ದಾರಿ ತಪ್ಪಿ ಬಂದ್ರಾ?"

ಅವನು ಉತ್ತರ ಕೊಡದೆ ಒಂದು ದಪ್ಪ ನೋಟ್ ಪುಸ್ತಕ ಬಿಡಿಸಿ ಅವಳ ಮುಂದೆ ಹಿಡಿದ.

ಪುಟದ ತುಂಬ ಅಂಟುಪಟ್ಟಿ. ಪ್ರತಿ ಪಟ್ಟಿಯ ಕೆಳಗೆ ಒಂದು ಫಿಲ್ಮ್ ಚೂರೋ ಕೂದಲೆಳೆಯೋ, ಪಕ್ಕದಲ್ಲಿ ಒಂದು ತಾರೀಕು. ನಟ್ಟನಡುವೆ... ಉಂಗುರದ ಹಾಗೆ ಕತ್ತರಿಸಿದ ತೆಳು ಫಿಲ್ಮ್!

"ಪ್ರತಿ ರೋಲಿಗೂ ಮುಂಚೆ ಕ್ಯಾಮೆರಾ ಒಳಗೆ ಸಿಕ್ಕಿರೋ ಫಿಲ್ಮ್ ಚೂರು, ಕೂದಲು ಹುಡುಕಿ ತೆಗೀಬೇಕು ಅಂತ ನಮ್ಮ ಕ್ಯಾಮೆರಾದವರಿಗೆ ಮೊದಲ ದಿನಾನೇ ಕಲಿಸ್ತಾರೆ," ಅವನ ದನಿ ತಗ್ಗಿತ್ತು. "ಹತ್ತು ವರ್ಷದಿಂದ ತೆಗೀತಾ ಇದೀನಿ, ತೆಗೆದಿದ್ದನ್ನ ಇದರಲ್ಲಿ ಅಂಟಿಸ್ತೀನಿ. ಮರಳು ಒರೆಸುವಾಗ ಇದು ಕಾಣಿಸ್ತು. ಹಳೇ ಚೂರು ಸಿಕ್ಕಿಕೊಂಡಿದೆ ಅಂದುಕೊಂಡು ಕಿತ್ತುಬಿಟ್ಟೆ. ಅದು ಯಾಕೆ ಗುಂಡಗಿದೆ ಅಂತ ಒಂದು ಸಲಾನೂ ಯೋಚಿಸಲಿಲ್ಲ ನೋಡಿ... ಕತ್ತೆ ನಾನು!"

"ಆವತ್ತೇ ಹೇಳೋಕೆ ಬಾಯಿ ಇರ್ಲಿಲ್ವಾ?"

"ಪುಸ್ತಕ ಶೂಟಿಂಗ್ ಜಾಗದಲ್ಲೇ ಬಿಟ್ಟು ಬಂದಿದ್ದೆ. ಬಸ್ಸಲ್ಲಿ ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ, ನಡುವೆ ಒಂದು ದಿನ ಹುಡುಕಾಟ. ನೋಡದೆ ನಿಮ್ಮ ಮೇಲೆ ಹೊರಿಸಿದ್ದೆ. ನನ್ನ ವಿಷಯದಲ್ಲಾದ್ರೂ ನೋಡಿ ಹೇಳೋಣ ಅನ್ನಿಸ್ತು."

ಅವಳು ಅವನನ್ನೇ ದಿಟ್ಟಿಸಿದಳು. ಆ ಪುಟ ಹರಿದು ಎಸೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಹೊತ್ತು ತಂದಿದ್ದ ಈ ಮನುಷ್ಯ!

ಎದೆಯಲ್ಲಿ ಏನೋ ಸಡಿಲವಾಯಿತು. ಕೂಡಲೇ ಅದನ್ನು ಬಿಗಿ ಮಾಡಿದಳು. ಇಷ್ಟಕ್ಕೇ ಕರಗಿದರೆ ಮೆಣಸಿನಕಾಯಿ ಅನ್ನುವ ಹೆಸರಿಗೇನು ಬೆಲೆ?

"ಕ್ಷಮಿಸಿ..."

"ಇಲ್ಲಿ ಬೇಡ. ಈ ನಾಲ್ಕು ಗೋಡೆ ನನ್ನ ಬೈಲಿಲ್ಲ. ಹನ್ನೊಂದು ಜನರ ಮುಂದೆ ಹೇಳಿದ್ದು, ಹನ್ನೊಂದು ಜನರ ಮುಂದೆ ವಾಪಸ್ ತಗೊಳ್ಳಿ. ಹತ್ತು ಜನ ಬಂದ್ರೆ ಆಗಲ್ಲ!"

"ಹನ್ನೊಂದೂ ಜನ ಬರ್ತಾರೆ," ಅಂದ ಅವನು.

ಹೊಸ ಹಿತ್ತಾಳೆ ತಗಡು ಬಂದಿತ್ತು. ಅವಳು ವಾಷರ್ ಕತ್ತರಿಸಿ, ಅಳೆದು, ಕೂರಿಸಿ, ನಾಲ್ಕು ಸ್ಕ್ರೂಗೂ ಕೆಂಪು ಹನಿ ಇಟ್ಟಳು. ಪರೀಕ್ಷೆಗೆಂದು ಅವನು ಗೋಡೆಯ ಮೇಲಿನ ಗೆರೆಪಟದ ತನಕದ ದೂರವನ್ನು ಟೇಪಿನಲ್ಲಿ ಅಳೆದು ಅದರ ಚಿತ್ರ ತೆಗೆದ. ಆಮೇಲೆ ಟೇಪನ್ನು ಅವಳ ಮೇಜಿನ ತನಕ ಎಳೆದು ಏನೋ ಅಳೆದ. ಅವಳಿಗೆ ಅದರ ಕಡೆ ಗಮನವಿರಲಿಲ್ಲ. "ಕ್ಯಾಮೆರಾ ಅಂದ್ರೆ ಪಾತ್ರೆ ಅಂದ್ಕೊಂಡ್ರಾ, ಉಜ್ಜಿ ತೊಳೆಯೋಕೆ?" ಅಂತ ಶುರುವಾದ ಬೈಗುಳ ಇನ್ನೂ ಮುಗಿದಿರಲಿಲ್ಲ.

ಎರಡು ದಿನದ ನಂತರ, ಮಧ್ಯಾಹ್ನ, ಲ್ಯಾಬಿನ ಪುಟ್ಟ ಪರದೆಯ ಮುಂದೆ ಹನ್ನೊಂದು ಜನ ಕೂತಿದ್ದರು. ಹಿಂದಿನ ಸಾಲಿನಲ್ಲಿ ಅವಳ ಅಪ್ಪನೂ ಇದ್ದರು. ಕರೆಯದೆಯೇ ಬಂದಿದ್ದರು.

ಮೊದಲು ಮಸುಕಾದ ಫಿಲ್ಮ್ ಓಡಿತು. ಅವನು ಎದ್ದು ಪರದೆಯ ಮುಂದೆ ನಿಂತ.

"ಇದು ನನ್ನ ತಪ್ಪು. ಅವರು ಕೂರಿಸಿದ್ದ ವಾಷರ್‌ನ ಕಸ ಅಂದುಕೊಂಡು ಕಿತ್ತವನು ನಾನು. ಕಿತ್ತಿದ್ದೂ ಅಲ್ಲದೆ, ಇಲ್ಲೇ ನಿಂತು ಅವರ ಕೈಗೆ ಹೆಸರಿಟ್ಟೆ. ಆ ಮಾತು ವಾಪಸ್ ತಗೊಳ್ತೀನಿ."

"ಹೋಗ್ಲಿ ಬಿಡಪ್ಪ, ಯಾರೂ ಮನಸ್ಸಿಗೆ ಹಾಕ್ಕೊಂಡಿಲ್ಲ," ಲ್ಯಾಬಿನ ಮುಖ್ಯಸ್ಥ ನಕ್ಕ.

"ನಾನು ಹಾಕ್ಕೊಂಡಿದೀನಿ!" ಅವಳು ಎದ್ದಳು. "ನೀವು ಆವತ್ತು ನಕ್ಕಿರಂತೆ. ಇವತ್ತೂ ನಗ್ತಿದೀರ. ನನ್ನ ತಪ್ಪೂ ಒಂದಿದೆ, ಕೇಳಿ. ಫಿಲ್ಮ್ ವಾಷರ್ ಹಾಕಿದೀನಿ ಅಂತ ಚೀಟಿಯಲ್ಲಿ ಬರೀಬೇಕಿತ್ತು, ಬರೀಲಿಲ್ಲ. ಅದು ನನ್ನದು, ಒಪ್ಕೊಳ್ತೀನಿ. ಆದ್ರೆ ನನ್ನ ಕೈ ಕೆಟ್ಟದ್ದಲ್ಲ!"

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದರು. ಪ್ರೊಜೆಕ್ಟರ್ ಬೆಳಕಿನಲ್ಲಿ ಅವು ನಡುಗುವುದು ಎಲ್ಲರಿಗೂ ಕಂಡಿತು.

"ನೋಡಿ ಇದನ್ನ. ನಾಲ್ಕು ವರ್ಷದಿಂದ ಈ ಕೈ ಒಂದು ಸ್ಕ್ರೂ ತಿರುಗಿಸಿಲ್ಲ. ನೀವು ನನ್ನ ಹೊಗಳಿದ್ರಲ್ಲ, ಅಷ್ಟೂ ಕೆಲಸ ನನ್ನ ಮಗಳದ್ದು. ಹೇಳೋಕೆ ನಾಚಿಕೆಯಾಗಿ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತು ಮರಿ..."

ಇಷ್ಟು ದಿನ ಬೆಂಕಿ ಕಾರಿದ್ದ ಅವಳ ಕಣ್ಣುಗಳಿಂದ ನೀರು ತಾನಾಗಿ ಇಳಿಯಿತು.

ಹೊಸ ರೋಲ್ ಓಡಿತು. ಗೋಡೆಯ ಗೆರೆಗಳು ಕೂದಲೆಳೆಯಷ್ಟೂ ಮಸುಕಾಗದೆ ಮೂಡಿದವು. ಆಮೇಲೆ...

ಅಯ್ಯೋ! ಪರದೆಯ ತುಂಬ ಅವಳೇ! ಮೂಗಿನ ಮೇಲೆ ಗ್ರೀಸಿನ ಚುಕ್ಕೆ, ಒಂದೊಂದೇ ಎಣಿಸಬಹುದಾದ ರೆಪ್ಪೆ, ಚಿಮುಟ ಆಡಿಸುತ್ತಾ ಶಬ್ದವಿಲ್ಲದೆ ಒಂದೇ ಸಮನೆ ಬೈಯುತ್ತಿರುವ ಬಾಯಿ!

"ಸೌಂಡ್ ಇಲ್ದಿದ್ರೂ ಕಿವಿ ಉರೀತಿದೆಯಲ್ಲಪ್ಪ!" ಯಾರೋ ಅಂದರು. ಹನ್ನೊಂದು ಜನ ಬಿದ್ದು ಬಿದ್ದು ನಕ್ಕರು. ಅಪ್ಪನೂ ನಕ್ಕರು!

ಅವಳು ದಡದಡನೆ ಹೊರಗೆ ಬಂದಳು. ಅವನು ಹಿಂದೆಯೇ ಓಡಿಬಂದ.

"ಕೇಳದೆ ನನ್ನ ಚಿತ್ರ ತೆಗೆದ್ರಾ? ಎಷ್ಟು ಧೈರ್ಯ ನಿಮಗೆ!"

"ತಪ್ಪು. ಅದೂ ತಪ್ಪೇ. ಬೇಡ ಅಂದ್ರೆ ಈಗಲೇ ಕತ್ತರಿಸಿ ನಿಮ್ಮ ಕೈಗೆ ಕೊಡ್ತೀನಿ. ಆದ್ರೆ ಒಂದು ಮಾತು... ಬಸ್ಸಲ್ಲಿ ಹೋಗುವಾಗ ವಾಷರ್ ಸಿಗಬಾರದು ಅಂತ ಬೇಡ್ಕೊಂಡೆ. ಬರುವಾಗ ಸಿಕ್ಕಿತಲ್ಲ, ಇನ್ನೊಂದು ಸಲ ನಿಮ್ಮನ್ನ ನೋಡಬಹುದಲ್ಲ ಅಂತ ಖುಷಿಯಾಯ್ತು. ನನಗೆ ನೀವು ಇಷ್ಟ. ಬೈದ್ರೂ ಇಷ್ಟ."

ಬೈಯಲು ತೆರೆದ ಬಾಯಿಗೆ ಮಾತೇ ಸಿಗಲಿಲ್ಲ. ಹುಟ್ಟಿದ ಮೇಲೆ ಇದೇ ಮೊದಲು!

"...ಕತ್ತರಿಸಬೇಡಿ," ಎಂದಳು ಕೊನೆಗೆ.

ಸಂಜೆ ಅಂಗಡಿಯಲ್ಲಿ ಅಪ್ಪ ಮುಚ್ಚಳ ತೆಗೆದು, ಸೂಜಿಯನ್ನು ಅವಳ ಕೈಗಿಟ್ಟರು. "ಹಳೇ ಗುರುತು ಹಾಗೇ ಇರಲಿ. ಪಕ್ಕದಲ್ಲಿ ಇವತ್ತಿನ ತಾರೀಕು ಹಾಕು," ಎಂದು ಹೇಳಿ ಮುಂದಿನ ಕೋಣೆಗೆ ಹೋದರು. ಅಲ್ಲಿ ಬಂದಿದ್ದ ಗಿರಾಕಿಗೆ ಅವರು ಹೇಳಿದ್ದು ಒಳಗೆ ಕೇಳಿಸಿತು. "ನನ್ನನ್ನಲ್ಲ, ನನ್ನ ಮಗಳನ್ನ ಕೇಳಬೇಕು."

ಅವಳು ತಾರೀಕು ಗೀರಿ ಮುಚ್ಚಳ ಮುಚ್ಚಿದಳು. ಕ್ಯಾಮೆರಾ ಅವನ ಕೈಗೆ ಕೊಟ್ಟಳು.

"ಆ ಫಿಲ್ಮ್ ವಾಷರ್ ನನ್ನ ಪುಸ್ತಕದಲ್ಲೇ ಇರಲಾ?" ಅವನು ಮೆಲ್ಲಗೆ ಕೇಳಿದ.

"ಇರಲಿ. ಮುಂದೆ ಏನಾದ್ರೂ ಕೀಳೋಕೆ ಮುಂಚೆ ನೋಡ್ಕೊಳ್ಳಿ."

"ಇನ್ನೂ ಕೋಪಾನಾ?"

"ಹೂಂ."

"ಕ್ಯಾಮೆರಾ ಮತ್ತೆ ಯಾವಾಗ ತರಲಿ?"

"ಆರು ತಿಂಗಳಿಗೊಂದು ಸಲ ತೋರಿಸಿದ್ರೆ ಸಾಕು."

ಅವನ ಮುಖ ಸಪ್ಪಗಾಯಿತು. "ಮತ್ತೆ... ನಾನು?"

ಅವಳು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ತಲೆ ತಗ್ಗಿಸಿದಳು. ತುಟಿಯಂಚಿನ ನಗು ಮಾತ್ರ ಬಚ್ಚಿಡಲಾಗಲಿಲ್ಲ.

"ನೀವು ದಿನಾ ಬನ್ನಿ. ನಿಮ್ಮನ್ನ ಆರು ತಿಂಗಳು ಬಿಟ್ಟಿರೋಕಾಗತ್ತಾ? ಎಲ್ಲಿ, ಏನು ಬಿಚ್ತೀರೋ!"