ಒಡೆದ ಬಾಗಿಲು, ಒರೆಸಿದ ಟ್ರ್ಯಾಕು

2025ರ ಆಗಸ್ಟ್ 23, ಶನಿವಾರ. ಬೆಳಿಗ್ಗೆ 6-40ಕ್ಕೆ ಬಳ್ಳಾರಿಯ ಠಾಣೆಗೆ ದೂರು ಬಂತು. ಹೊಸ ಒಳಾಂಗಣ ಕ್ರೀಡಾಂಗಣದ ಎಂಟು ಸರಿಯುವ ಗಾಜಿನ ಬಾಗಿಲುಗಳಲ್ಲಿ ಆರನ್ನು ಯಾರೋ ಸುತ್ತಿಗೆಯಿಂದ ಒಡೆದಿದ್ದರು. ಮರುದಿನ ಅಲ್ಲಿ ಹುಡುಗಿಯರ ಕಬಡ್ಡಿ ಪಂದ್ಯ. ಎಫ್‌ಐಆರ್ ದಾಖಲಿಸಿ, ಇನ್ಸ್‌ಪೆಕ್ಟರ್ ಮರಿಬಸಪ್ಪ ಹೆಡ್ ಕಾನ್‌ಸ್ಟೇಬಲ್ ಅಂಜನಾ ಅವರೊಂದಿಗೆ 7-15ಕ್ಕೆ ಸ್ಥಳ ಸೇರಿದರು.

ಗುತ್ತಿಗೆದಾರ ಚನ್ನಬಸವರಾಜ ಕಾಲಲ್ಲಿ ಕೆಂಡ ಮೆಟ್ಟಿದವನಂತೆ ಓಡಾಡುತ್ತಿದ್ದ.

“ಯಾವನೋ ಕುಡುಕನ ಕೆಲಸ ಸಾಹೇಬ್ರ. ಲಗೂನ ಪಂಚನಾಮೆ ಮುಗಿಸ್ರಿ. ಗೋಡೌನ್‌ನಾಗ ಇಂಥದ ಗಾಜು ಇನ್ನೂ ಐತಿ, ಸಂಜಿಯೊಳಗ ಕೂಡ್ರಿಸಿಬಿಡ್ತೀನಿ.”

“ಕುಡುಕ ಒಡದು, ಕಸಾನೂ ಹೊಡದು ಹೋಗ್ಯಾನೇನ್ರಿ?” ಅಂಜನಾ ಮೂಲೆ ತೋರಿಸಿದರು. ಚೂರುಗಳೆಲ್ಲ ಗೋಣಿಚೀಲದಲ್ಲಿದ್ದವು. “ನಮ್ಮನಿಯಾತ ಕುಡೀದಿದ್ರೂ ಕಸಬರಿಗಿ ಮುಟ್ಟಂಗಿಲ್ಲ.”

ಮರಿಬಸಪ್ಪ ನಗಲಿಲ್ಲ. ಮೊಣಕಾಲೂರಿ ಬಾಗಿಲಿನ ಕೆಳಗಿನ ಟ್ರ್ಯಾಕಿನಲ್ಲಿ ಬೆರಳಾಡಿಸಿದರು. ಒಂದು ಕಣವೂ ಹತ್ತಲಿಲ್ಲ, ಹಸಿಬಟ್ಟೆಯಿಂದ ಒರೆಸಿದ್ದರು. ಅಲ್ಲಿ ಚೂರು ಕೂತರೆ ಬಾಗಿಲಿನ ಗಾಲಿ ಕೆಡುತ್ತದೆ. ಒಡೆಯಲು ಬಂದವನು ಕಸುಬಿನ ರೂಢಿ ಬಿಟ್ಟಿರಲಿಲ್ಲ.

“ಇವನ್ನ ಕೂಡ್ರಿಸಿದವ ಯಾರು?”

“ಕುರುಗೋಡಿನ ಪಾಲಯ್ಯ ಅಂತ್ರಿ. ವಾರದ ಹಿಂದ ಕೆಲಸ ಬಿಡಿಸಿದೆ. ಭಾಳ ಬಾಯಿ ಅವಂದು.”

“ಏನಂದಿದ್ದ?”

ಚನ್ನಬಸವರಾಜ ಹೋಗಿ ಗೋಣಿಚೀಲದ ಬಾಯಿ ಕಟ್ಟತೊಡಗಿದ.

ಉಳಿದ ಎರಡು ಬಾಗಿಲುಗಳ ಮೂಲೆಯಲ್ಲಿ ಟಫನ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿನ ಸಣ್ಣ ಮುದ್ರೆಯಿತ್ತು. ಅಂಥ ಗಾಜು ಒಡೆದರೆ ಕಲ್ಲುಸಕ್ಕರೆಯ ಹರಳಿನಂತೆ ಉದುರುತ್ತದೆ. ಅಂಜನಾ ಬಿಚ್ಚಿದ ಚೀಲದಲ್ಲಿದ್ದುದು ಮೊಳದುದ್ದದ ಚೂಪು ಈಟಿಗಳು. ಅಂಥದೊಂದನ್ನು ಮರಿಬಸಪ್ಪ ಹಿಂದೆಯೂ ಕಂಡಿದ್ದರು. ಎಲ್ಲಿ ಎಂಬುದು ನೆನಪಾದೊಡನೆ ಜೀಪಿನತ್ತ ನಡೆದರು.

10-50ಕ್ಕೆ ಕುರುಗೋಡು. ಪಾಲಯ್ಯ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕಾದು ಕುಳಿತಿದ್ದ. ಒಳಗೆ ಗೋಡೆಯ ಮೇಲೆ ಕಬಡ್ಡಿ ಉಡುಪಿನ ಹುಡುಗಿಯ ಚಿತ್ರ, ಅದಕ್ಕೊಂದು ಮಾಲೆ.

“ಒಡದದ್ದು ನೀನ?”

“ಹೌದ್ರಿ. ವಾಚ್‌ಮನ್ ಚಾ ಕುಡ್ಯಾಕ ಹೋದಾಗ.”

“ಯಾಕ?”

“ಮೂರು ವರ್ಷದ ಹಿಂದ ಸಿರುಗುಪ್ಪದ ಹಾಲ್‌ಗೆ ಇದ ಚನ್ನಬಸವರಾಜನ ಗಾಜು ಹಾಕಿದ್ದೆ. ಟಫನ್ ಅಂದಿದ್ದ, ನಂಬಿದ್ದೆ. ನಮ್ಮ ಮಗಳು ಅನಿತಾ ಓಡಿಬಂದು ಬಡಕೊಂಡ್ಲು. ನಾ ಕೂಡ್ರಿಸಿದ ಬಾಗಿಲರಿ ಅದು.” ಅವನ ದನಿ ಏರಲಿಲ್ಲ. “ಇಲ್ಲಿ ಆರಕ್ಕ ಮುದ್ರಿ ಇರಲಿಲ್ಲ. ಹೇಳಿದ್ದಕ್ಕ ಬಿಡಿಸಿದ. ನಾಳೆ ಹುಡುಗೀರು ಆಡಾಕ ಬರ್ತಾರ.”

“ಠಾಣೆಗೆ ಬರಬೇಕಿತ್ತು.”

“ಬಂದಿದ್ನಲ್ಲ ಸಾಹೇಬ್ರ. ಸಿರುಗುಪ್ಪದಾಗ. ಅಲ್ಲಿ ನೀವ ಇದ್ರಿ.”

ಅಂದಿನ ಪಂಚನಾಮೆಯಲ್ಲಿ ಪಿಎಸ್‌ಐ ಮರಿಬಸಪ್ಪ ‘ಒಡೆದ ಗಾಜು’ ಎಂದು ಎರಡೇ ಪದ ಬರೆದು, ಆಕಸ್ಮಿಕವೆಂದು ಕಡತ ಮುಚ್ಚಿದ್ದರು.

11-20ಕ್ಕೆ ಪಾಲಯ್ಯನ ದಸ್ತಗಿರಿಯಾಯಿತು. ಮಧ್ಯಾಹ್ನ ಗೋಡೌನಿಗೆ ಮೊಹರು ಬಿತ್ತು. ಚನ್ನಬಸವರಾಜನ ಮೇಲೆ ಬೇರೆ ಎಫ್‌ಐಆರ್ ಆಯಿತು. ಪಂದ್ಯ ನಡೆಯಲಿ, ಗಾಜಿಲ್ಲದೆ ನಡೆಯಲಿ ಎಂದರು ಮರಿಬಸಪ್ಪ. ಪಂಚರ ಮುಂದೆ ಚೂರುಗಳನ್ನು ಒಂದೊಂದಾಗಿ ಅಳೆದು, ಉದ್ದ, ಅಗಲ, ಮೊನೆ ಎಲ್ಲವನ್ನೂ ತಾವೇ ಬರೆದರು. ಹನ್ನೊಂದು ಪುಟವಾಯಿತು.

ಪಾಲಯ್ಯನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಜೀಪು ಹೊರಡುವಾಗ ಅವನು ಕಿಟಕಿಯಿಂದ ಬಾಗಿ ಹೇಳಿದ:

“ಟ್ರ್ಯಾಕ್ ಒರಸೀನ್ರಿ ಸಾಹೇಬ್ರ. ಛಲೋ ಗಾಜು ತಂದ್ರ, ಸಲೀಸಾಗಿ ಕೂಡ್ತೈತಿ.”